ಕನ್ನಡ ನಿಲ್ಲಿಸಿದ್ದ ಮನೆ

ಲೋಧಿ ಕಾಲೋನಿಯ ಆ ಮನೆಯ ಹಾಲಿನಲ್ಲಿ ಮೊದಲ ದಿನ ನಾವು ನಾಲ್ಕು ಜನ ಕನ್ನಡಿಗರು ಕೂತಿದ್ದರೂ ಮಾತು ನಡೆದದ್ದು ಹರಕುಮುರುಕು ಹಿಂದಿಯಲ್ಲಿ. ಮಗುವಿನ ಅಪ್ಪ ತಿಪಟೂರು ಕಡೆಯವರು, ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಅಮ್ಮ ಇನ್ನೊಂದು ಇಲಾಖೆಯಲ್ಲಿ ಕ್ಲರ್ಕ್. ಅಪ್ಪನ ತಾಯಿ, ಅಂದರೆ ಮಗುವಿನ ಅಜ್ಜಿ, ಮೊಮ್ಮಗಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದು ಎರಡು ವರ್ಷವಾಗಿತ್ತು. ನಾಲ್ಕನೆಯವಳು ನಾನು, ದಾವಣಗೆರೆಯವಳು, ಹೌಜ್ ಖಾಸ್‌ನ ಒಂದು ಥೆರಪಿ ಸೆಂಟರಿನಿಂದ ಬಂದ ಸ್ಪೀಚ್ ಥೆರಪಿಸ್ಟ್. ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಬಂತು. "ಚೀನಿ ಠೀಕ್ ಹೈ?" ಎಂದು ಮಗುವಿನ ಅಮ್ಮ ಕೇಳಿದರು. "ಜೀ, ಠೀಕ್ ಹೈ" ಎಂದೆ. ಸಕ್ಕರೆಯೇನೋ ಸರಿಯಾಗಿಯೇ ಇತ್ತು.

ಮನೆಯವರೆಲ್ಲ ಪುಟ್ಟಿ ಎಂದು ಕರೆಯುತ್ತಿದ್ದ ಐದು ವರ್ಷದ ಹುಡುಗಿ ಸೋಫಾದ ಹಿಂದೆ ಕೂತು ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದಳು. ಆಟಿಸಂ ಎಂದು ಮೂರನೇ ವಯಸ್ಸಿನಲ್ಲೇ ಗುರುತಿಸಿದ್ದರು. ಕಿವಿಯ ಪರೀಕ್ಷೆಗಳೆಲ್ಲ ಆಗಿದ್ದವು, ಕೇಳಿಸುವುದರಲ್ಲಿ ತೊಂದರೆಯಿರಲಿಲ್ಲ. ಮಾತು ಮಾತ್ರ ಒಂದೂ ಬಂದಿರಲಿಲ್ಲ. ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ನಮ್ಮ ಸೆಂಟರಿನ ಸೂಚನೆಗಳ ಹಾಳೆ ಅಂಟಿಸಿದ್ದರು. ಮೊದಲ ಸೂಚನೆಯೇ, ಮನೆಯಲ್ಲಿ ಒಂದೇ ಭಾಷೆ, ಹಿಂದಿ.

ನಾನು ಆ ಸೆಂಟರಿಗೆ ಸೇರುವ ಮೊದಲೇ ಯಾರೋ ಬರೆದಿದ್ದು ಅದು. ಮುಂದೆ ಹೋಗುವ ಶಾಲೆಯಲ್ಲಿ ಹಿಂದಿ, ಥೆರಪಿಯಲ್ಲಿ ಹಿಂದಿ, ಪಾರ್ಕಿನಲ್ಲಿ ಹಿಂದಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲ ಎಂಬ ಲೆಕ್ಕಾಚಾರ. ಅದು ತಪ್ಪೆಂದು ಓದುವಾಗಲೇ ನಮಗೆ ಹೇಳಿಕೊಟ್ಟಿದ್ದರು. ಆದರೂ ಈ ಸಲಹೆಗೆ ಸಾವಿಲ್ಲ, ಎಲ್ಲ ಊರಿನಲ್ಲೂ ಯಾರಾದರೊಬ್ಬರು ಕೊಡುತ್ತಲೇ ಇರುತ್ತಾರೆ. ಬೇರೆ ಮನೆಗಳಲ್ಲಾದರೆ ಒಂದು ವಾರ ಪಾಲಿಸಿ ಮರೆಯುತ್ತಾರೆ. ಇವರು ಗಂಡಹೆಂಡಿರಿಬ್ಬರೂ ಸರ್ಕಾರಿ ನೌಕರರು. ಮೇಲಿನಿಂದ ಬಂದ ಸುತ್ತೋಲೆ ಎಂಬಂತೆ ಎರಡು ವರ್ಷ ಚಾಚೂ ತಪ್ಪದೆ ಪಾಲಿಸಿದ್ದರು. ಹಿಂದಿ ಬಾರದ ಅಜ್ಜಿ ಮೊಮ್ಮಗಳ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದರು. ತಂಗಿಗೆ ಫೋನ್ ಮಾಡಬೇಕಾದರೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೊದಲ ದಿನ ನನ್ನನ್ನು ಬೀಳ್ಕೊಡಲು ಮೆಟ್ಟಿಲವರೆಗೆ ಬಂದ ಸೆಕ್ಷನ್ ಆಫೀಸರ್ ಒಮ್ಮೆ ಹಿಂದೆ ತಿರುಗಿ ಮನೆ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡರು. "ಮೇಡಂ, ದಾವಣಗೆರೆಯಲ್ಲಿ ಎಲ್ಲಿ? ನಮ್ಮ ಭಾವ ಅಲ್ಲೇ ಪಿ.ಜೆ. ಬಡಾವಣೇಲಿ ಇದ್ರು" ಎಂದರು, ಪಿಸುದನಿಯಲ್ಲಿ. ನಾನೂ ಪಿಸುದನಿಯಲ್ಲೇ ಉತ್ತರಿಸಿದೆ. ಕದ್ದು ಸಿಗರೇಟು ಸೇದುವ ಹುಡುಗರ ಹಾಗೆ ಕಂಡಿರಬೇಕು ನಾವಿಬ್ಬರು.

ಈ ಕೇಸು ವಹಿಸುವಾಗಲೇ ಸೆಂಟರಿನ ಡೈರೆಕ್ಟರ್ ಮೇಡಂ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದ್ದರು. "ನೀನು ಅವರ ರಾಜ್ಯದವಳು ಅಂತ ಕಳಿಸ್ತಿಲ್ಲ ಬೇಟಾ, ಬುಧವಾರ, ಶುಕ್ರವಾರ ಸಂಜೆ ನೀನು ಖಾಲಿ ಇದೀಯ ಅಂತ ಕಳಿಸ್ತಿದೀನಿ. ಮೊದಲು ಇರೋ ಪ್ಲಾನ್ ನಡೆಸು. ಬದಲಾಯಿಸಬೇಕು ಅನ್ನಿಸಿದರೆ ಕಾರಣ ತಗೊಂಡು ಬಾ."

ನಿಜ ಹೇಳಬೇಕೆಂದರೆ ಆ ಚಳಿಗಾಲದಲ್ಲಿ ನನ್ನ ತಲೆ ಬೇರೆ ಕಡೆ ಇತ್ತು. ವಾರದಲ್ಲಿ ಎರಡು ದಿನ ನಾನು ಫರೀದಾಬಾದಿನ ಒಂದು ವಿಶೇಷ ಶಾಲೆಗೆ ಸ್ಪೀಚ್ ಥೆರಪಿ ಕೊಡಲು ಹೋಗುತ್ತಿದ್ದೆ. ವಿಶೇಷ ಅಗತ್ಯವಿರುವ ಮಕ್ಕಳ ಶಾಲೆ. ಅಲ್ಲಿನ ಮುಖ್ಯ ಶಿಕ್ಷಕಿಯನ್ನು ಮಕ್ಕಳು, ಟೀಚರುಗಳು, ಗೇಟಿನವನು ಎಲ್ಲರೂ ದೀದಿ ಎನ್ನುತ್ತಿದ್ದರು. ದೀದಿ ನನ್ನನ್ನು ಕರೆದು, ಏಪ್ರಿಲ್‌ನಿಂದ ಒಂದು ತರಗತಿ ನೋಡಿಕೊಳ್ಳುತ್ತೀಯಾ ಎಂದು ಕೇಳಿದ್ದರು. ಅದಕ್ಕೆ ವಿಶೇಷ ಶಿಕ್ಷಣದ ಬಿ.ಎಡ್. ಬೇಕು. ಎರಡು ವರ್ಷ ಓದುತ್ತಾ ಸಹಾಯಕ ಶಿಕ್ಷಕಿಯಾಗಿರಬಹುದು, ಆಮೇಲೆ ತರಗತಿ ಪೂರ್ತಿ ನನ್ನದು. ಹೋಳಿಯೊಳಗೆ ಉತ್ತರ ಹೇಳು ಎಂದಿದ್ದರು.

ಹೊರಗಿನವರಿಗೆ ಎರಡೂ ಒಂದೇ ಕೆಲಸ. ನಮ್ಮ ಚಿಕ್ಕಪ್ಪ ಈಗಲೂ ಮದುವೆ ಮನೆಗಳಲ್ಲಿ "ನಮ್ಮ ಹುಡುಗಿ ಡೆಲ್ಲೀಲಿ ಮೂಗರ ಶಾಲೆ ಟೀಚರ್" ಎಂದೇ ಪರಿಚಯಿಸುತ್ತಾರೆ. ಆದರೆ ಎರಡರ ದಿನಚರಿಯೇ ಬೇರೆ. ವಿಶೇಷ ಶಾಲೆಯ ಟೀಚರಿಗೆ ಎಂಟು ಮಕ್ಕಳು, ಇಡೀ ದಿನ. ಬ್ಯಾಗು ತೂಗುಹಾಕುವುದು, ಸರದಿ ಕಾಯುವುದು, ಜಿಪ್ ಏರಿಸಿಕೊಳ್ಳುವುದು, ಬಾಥ್‌ರೂಮಿಗೆ ಹೋಗಬೇಕೆಂದು ತಿಳಿಸುವುದು, ಎಲ್ಲವೂ ಪಾಠವೇ. ಸ್ಪೀಚ್ ಥೆರಪಿಸ್ಟಿಗೆ ಒಂದು ಮಗು, ಮುಕ್ಕಾಲು ಗಂಟೆ, ಒಂದು ಮುಚ್ಚಿದ ಬಾಗಿಲು. ಅದು ಮುಗಿದರೆ ಇನ್ನೊಂದು ಮಗು, ಅದೇ ಬಾಗಿಲು.

ನನ್ನ ಮನಸ್ಸು ಶಾಲೆಯತ್ತ ವಾಲಿತ್ತು. ದೊಡ್ಡ ಆದರ್ಶವೇನೂ ಇರಲಿಲ್ಲ, ಊಟದ ಬಿಡುವಿಗೆ ಮನಸೋತಿದ್ದೆ. ಅಲ್ಲಿ ಟೀಚರುಗಳೆಲ್ಲ ಬಿಸಿಲಿಗೆ ಚಾಪೆ ಹಾಸಿ ಸುತ್ತ ಕೂತು ಡಬ್ಬಿ ಬಿಚ್ಚುತ್ತಿದ್ದರು. ಮೂಲಂಗಿ ಪರಾಠ, ಬಟಾಣಿ ಪಲ್ಯ, ಯಾರದೋ ಅತ್ತೆ ಹಾಕಿದ ಕ್ಯಾರೆಟ್ ಉಪ್ಪಿನಕಾಯಿ, ಎಲ್ಲವೂ ಕೇಳದೆಯೇ ನನ್ನ ತಟ್ಟೆಗೆ ಬೀಳುತ್ತಿದ್ದವು. ನನ್ನ ಚಿತ್ರಾನ್ನಕ್ಕೆ "ಹಳದಿ ಪುಲಾವ್" ಎಂದು ಹೆಸರಿಟ್ಟಿದ್ದರು. ಹೌಜ್ ಖಾಸ್‌ನಲ್ಲಾದರೆ ಒಬ್ಬರ ಸೆಷನ್ ಮುಗಿಯುವಾಗ ಇನ್ನೊಬ್ಬರದು ಶುರು. ಎಲ್ಲರೂ ಅವರವರ ಕೋಣೆಯಲ್ಲಿ ಗೋಡೆ ನೋಡುತ್ತಾ ಉಣ್ಣುವುದು.

ಇನ್ನು ನನ್ನ ಬಾಡಿಗೆ ಕೋಣೆ ಫರೀದಾಬಾದಿನ ಒಂದು ಸೆಕ್ಟರಿನಲ್ಲಿ, ಮೂರನೇ ಮಹಡಿಯ ತಾರಸಿಯ ಮೇಲೆ. ಭಾನುವಾರಗಳು ಅಲ್ಲಿ ಬಹಳ ಉದ್ದ. ಕುಕ್ಕರ್ ಕೂಗಿದಾಗ "ಇರು, ಬಂದೆ" ಎನ್ನುವುದು ಬಿಟ್ಟರೆ ಆ ದಿನ ನನ್ನ ಬಾಯಿಂದ ಬೇರೆ ಕನ್ನಡ ಹೊರಡುತ್ತಿರಲಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಆಡುವ ಮಾತು ಊಟ, ಚಳಿ, ಸ್ವೆಟರ್ ಇಷ್ಟರಲ್ಲಿ ಮುಗಿಯುತ್ತಿತ್ತು. ಅವಳಿಗೆ ಆತಂಕವಾದೀತೆಂದು ಉಳಿದದ್ದನ್ನು ನಾನೇ ಹೇಳುತ್ತಿರಲಿಲ್ಲ. ಒಂಟಿತನಕ್ಕೆ ಒಗ್ಗಿಕೊಳ್ಳುತ್ತೇವೆ ಎನ್ನುತ್ತಾರಲ್ಲ, ನನಗೆ ಒಗ್ಗಲಿಲ್ಲ. ಇಡೀ ದೆಹಲಿಯಲ್ಲಿ ನಾನು ಹೋಗಿಬರುತ್ತಿದ್ದ ಕನ್ನಡದ ಮನೆ ಒಂದೇ ಒಂದು. ಅಲ್ಲಿ ಕನ್ನಡಕ್ಕೇ ನಿಷೇಧ.

ಆ ಮನೆಯಲ್ಲಿ ನಾನು ನಡೆಸುತ್ತಿದ್ದ ವಿಧಾನ ತೀರಾ ಸಾಮಾನ್ಯವಾದದ್ದು. ಪುಟ್ಟಿಗೆ ಪ್ರಾಣವಾಗಿದ್ದ ಚಕ್ಕುಲಿಯ ತುಂಡುಗಳನ್ನು ಪಾರದರ್ಶಕ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡುವುದು. ಅವಳಿಗೆ ಕಾಣಬೇಕು, ತೆಗೆಯಲು ಬರಬಾರದು. ಆಗ ಯಾರನ್ನಾದರೂ ಕೇಳಲೇಬೇಕಾಗುತ್ತದೆ. ಡಬ್ಬಿಯನ್ನು ತಂದು ಕೈಗಿಟ್ಟರೂ ಸರಿ, ಕೈ ಹಿಡಿದೆಳೆದರೂ ಸರಿ, ಕಣ್ಣೆತ್ತಿ ಒಮ್ಮೆ ನೋಡಿದರೂ ಸರಿ, ಅದನ್ನು ಕೇಳಿದ ಹಾಗೆಂದೇ ಲೆಕ್ಕಕ್ಕೆ ತೆಗೆದುಕೊಂಡು, "ಖೋಲೋ" ಎಂದು ಅವಳ ಪರವಾಗಿ ನಾನೇ ಹೇಳಿ, ತಕ್ಷಣ ತೆರೆದು ಕೊಡಬೇಕು. ಕೇಳಿದರೆ ಸಿಗುತ್ತದೆ ಎಂಬುದು ಮೊದಲು ಗಟ್ಟಿಯಾಗಬೇಕು, ಮಾತು ಆಮೇಲೆ. ಇದರಲ್ಲಿ ಕಷ್ಟದ ಭಾಗ ಕಾಯುವುದು. ಅವಳು ಏನಾದರೂ ಮಾಡುವ ತನಕ ಬಾಯಿ ಮುಚ್ಚಿಕೊಂಡು, ನಗುಮುಖದಿಂದ, ಆಸೆಯಿಟ್ಟುಕೊಂಡು ಕಾಯಬೇಕು.

ಪುಟ್ಟಿ ಡಬ್ಬಿಯನ್ನು ನೋಡುತ್ತಿದ್ದಳು. ಆಮೇಲೆ ಗೋಡೆಯನ್ನು ನೋಡುತ್ತಿದ್ದಳು. ಆಮೇಲೆ ಎದ್ದು ಹೋಗುತ್ತಿದ್ದಳು. ಹಟ ಮಾಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಬೇಕಾದ್ದನ್ನು ಕೇಳುವುದಕ್ಕಿಂತ ಆಸೆ ಬಿಡುವುದೇ ಸಲೀಸು ಎಂದು ಐದು ವರ್ಷಕ್ಕೇ ಕಲಿತುಬಿಟ್ಟಿದ್ದಳು. ಸೋಪಿನ ಗುಳ್ಳೆ, ಕೀಲಿ ಕೊಟ್ಟರೆ ಕುಣಿಯುವ ಕೋತಿ, ಏನು ತಂದರೂ ಇದೇ ಕಥೆ. ಜನವರಿ ಮುಗಿಯುತ್ತಾ ಬಂದರೂ ನನ್ನ ವರದಿಯಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. "ಮೇಡಂ, ಒಂದು ಸಲ ಅಮ್ಮ ಅನ್ನಲಿ ಸಾಕು" ಎಂದು ಮಗುವಿನ ಅಮ್ಮ ಒಮ್ಮೆ ಹಿಂದಿಯಲ್ಲಿ ಹೇಳಿದರು. "ಬಸ್, ಏಕ್ ಬಾರ್." ಅವರ ಕಣ್ಣು ತುಂಬಿ ಬಂದಿತ್ತು. ಏನಾದರೂ ಸಮಾಧಾನದ ಮಾತು ಹೇಳಬೇಕಿತ್ತು. ನನಗೆ ಹಿಂದಿಯಲ್ಲಿ ಅದು ಹೊಳೆಯಲಿಲ್ಲ, ಸುಮ್ಮನೆ ತಲೆಯಾಡಿಸಿದೆ.

ಮಾತು ಬಾರದ ಮಗುವಿನ ಕೆಲಸ ಹೀಗೆ ನಿಂತ ನೀರಾದರೆ, ಮಗುವಿನ ಕಿವಿಗೆ ಏನು ಬೀಳುತ್ತಿದೆ ಎಂದು ಪರೀಕ್ಷಿಸಬೇಕು. ಥೆರಪಿಸ್ಟ್ ಒಂದು ಮೂಲೆಯಲ್ಲಿ ಕೂರುವುದು, ಮನೆಯವರು ತಮ್ಮ ಪಾಡಿಗೆ ತಾವಿರುವುದು, ಫೋನು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುವುದು. ಫೆಬ್ರವರಿಯ ಒಂದು ಸಂಜೆ ಮನೆಯವರ ಒಪ್ಪಿಗೆ ಪಡೆದು ಹಾಗೆ ಮಾಡಿದೆ. ಫರೀದಾಬಾದಿಗೆ ಹಿಂತಿರುಗುವಾಗ ಮೆಟ್ರೋದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ.

ಆಜಾ. ಬೈಠ್. ಖಾ ಲೇ. ಮತ್ ಕರ್. ಇಧರ್ ದೇಖ್. ಚಲೋ, ಹಾಥ್ ಧೋ. ಬಾ, ಕೂರು, ತಿನ್ನು, ಮಾಡಬೇಡ. ಕೊನೆಯವರೆಗೂ ಬರೀ ಅಪ್ಪಣೆಗಳು. ಪುಟ್ಟಿಯ ಜೊತೆ ಯಾರೂ ಹರಟಿರಲಿಲ್ಲ, ರೇಗಿಸಿರಲಿಲ್ಲ, ಬೈದು ನಕ್ಕಿರಲಿಲ್ಲ, ಚಿನ್ನ ರನ್ನ ಎಂದು ಮುದ್ದು ಮಾಡಿರಲಿಲ್ಲ. ಹಿಂದಿಯಲ್ಲಿ ಇದಕ್ಕೆಲ್ಲ ಮಾತಿಲ್ಲವೆಂದಲ್ಲ, ನನ್ನ ಶಾಲೆಯ ಟೀಚರುಗಳು ಮಕ್ಕಳನ್ನು ಮುದ್ದಿಸುವುದನ್ನು ಕೇಳಬೇಕು. ಇವರಿಗೆ ಬಾರದು, ಅಷ್ಟೇ. ಇವರದು ಕಚೇರಿಯ ಹಿಂದಿ, ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವ ಹಿಂದಿ.

ರೆಕಾರ್ಡಿಂಗಿನಲ್ಲಿ ಇನ್ನೊಂದು ಸದ್ದಿತ್ತು. ಪುಟ್ಟಿಯ ಮುಚ್ಚಳ ನೆಲದ ಮೇಲೆ ಗಿರಗಿರ ತಿರುಗುವ ಸದ್ದು. ಮಧ್ಯೆ ಒಂದು ಕಡೆ ಅದು ನಿಂತಿತು. ಯಾಕೆಂದು ಹಿಂದೆ ಸರಿಸಿ ಮತ್ತೆ ಕೇಳಿದೆ. ಮುಚ್ಚಿದ ಬಾಲ್ಕನಿಯ ಆಚೆಯಿಂದ ಅಜ್ಜಿಯ ದನಿ ಸಣ್ಣಗೆ ಬರುತ್ತಿತ್ತು. "ಅಯ್ಯೋ ಸುಮ್ನಿರೇ, ಆ ಕರೀ ಹಸು ಮತ್ತೆ ಒದೀತಾ? ನಿನ್ನ ಗಂಡಂಗೆ ಹಂಗೇ ಆಗ್ಬೇಕು!" ಎಂದು ನಗುತ್ತಿದ್ದರು. ನಗು ನಿಂತ ಮೇಲೆ ಮುಚ್ಚಳ ಮತ್ತೆ ತಿರುಗಿತು. ಇನ್ನೊಮ್ಮೆ ಅಜ್ಜಿ ನಕ್ಕಾಗ ಇನ್ನೊಮ್ಮೆ ನಿಂತಿತು. ಡೈರೆಕ್ಟರ್ ಮೇಡಂ ಕೇಳಿದ್ದ ಕಾರಣ ನನ್ನ ಕೈಗೆ ಸಿಕ್ಕಿತ್ತು.

ಮೇಡಂ ಅದನ್ನು ಪೂರ್ತಿ ಕೇಳಿದರು, ಅವರಲ್ಲಿ ಆ ಒಳ್ಳೆಯ ಗುಣವಿದೆ. ಅಜ್ಜಿಯ ಮಾತನ್ನು ನಾನು ಅನುವಾದಿಸಿದಾಗ ನಕ್ಕರು ಕೂಡ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಹೇಳ್ತಿರೋದು ಸರಿ. ಆ ಸೂಚನೆ ನಮ್ಮದೇ ತಪ್ಪು. ಆದ್ರೆ ನಿನಗೊಂದು ಪ್ರಶ್ನೆ. ಈ ಸೆಂಟರಲ್ಲಿ ಕನ್ನಡ ಬರೋದು ನಿನಗೊಬ್ಬಳಿಗೇ. ಮನೆಯವರಿಗೆ ಕನ್ನಡ ಶುರು ಮಾಡಿಸ್ತೀಯ. ಹೇಗೆ ಮಾತಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು, ಎಲ್ಲ ಕನ್ನಡದಲ್ಲೇ ಕಲಿಸ್ಬೇಕು. ಏಪ್ರಿಲ್‌ನಲ್ಲಿ ನೀನು ಫರೀದಾಬಾದಿನ ಶಾಲೆಗೆ ಹೋಗ್ತೀಯ. ಆಮೇಲೆ ಯಾರು?"

ಶಾಲೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. "ನಿಮ್ಮ ದೀದಿ ಫೋನ್ ಮಾಡಿದ್ದಳು, ನಿನ್ನ ಬಗ್ಗೆ ವಿಚಾರಿಸೋಕೆ. ಒಳ್ಳೇದೇ ಹೇಳಿದೆ" ಎಂದರು ಮೇಡಂ. "ಒಂದು ವರ್ಷ ಪೂರ್ತಿ, ಆರೂ ದಿನ ಇಲ್ಲೇ ಇರ್ತೀನಿ ಅಂದ್ರೆ ಹೊಸ ಪ್ಲಾನ್ ಬರಿ, ಸಹಿ ಹಾಕ್ತೀನಿ. ಹೋಗೋಳಾದ್ರೆ ಅದನ್ನ ಮುಟ್ಟಬೇಡ ಬೇಟಾ. ಗೋಡೆ ಅರ್ಧ ಕೆಡವಿ ಹೋಗೋ ಮೇಸ್ತ್ರಿಗಿಂತ ಬಾರದೇ ಇರೋ ಮೇಸ್ತ್ರಿ ವಾಸಿ."

ಸಿಟ್ಟಿನಿಂದ ಮೆಟ್ಟಿಲಿಳಿದೆ. ಅವರು ಅನ್ಯಾಯದ ಮಾತಾಡಿದ್ದರೆ ಸಿಟ್ಟು ಇಳಿಯುತ್ತಿತ್ತು. ಆಡಿದ್ದು ನ್ಯಾಯದ ಮಾತು, ಹಾಗಾಗಿ ಎರಡು ದಿನ ಉರಿಯುತ್ತಲೇ ಇದ್ದೆ.

ಅದೇ ವಾರ ಫರೀದಾಬಾದಿನ ಶಾಲೆಯಲ್ಲಿ ಒಬ್ಬ ಟೀಚರ್ ರಜೆ ಹಾಕಿದರು. "ಇವತ್ತು ಆ ಕ್ಲಾಸು ನೀನೇ ನೋಡ್ಕೋ. ಅಭ್ಯಾಸ ಆಗಲಿ" ಎಂದರು ದೀದಿ. ಎಂಟು ಮಕ್ಕಳು, ಒಬ್ಬ ಆಯಾ, ನಾನು. ಶೂ ಬಿಚ್ಚಿ ಸಾಲಾಗಿ ಇಡುವುದು ಮೊದಲ ಪಾಠ. ಅದು ಮುಗಿಯಿತು. ಹಾಡು ಮುಗಿಯಿತು. ಆಮೇಲೆ ಒಂದು ಹುಡುಗಿ ಕಿಟಕಿಯಾಚೆಯ ಅಳಿಲನ್ನು ಬೆರಳು ಮಾಡಿ ತೋರಿಸಿದಳು. ಅದುವರೆಗೆ ಅವಳು ಯಾವುದನ್ನೂ ಬೆರಳು ಮಾಡಿ ತೋರಿಸಿದವಳೇ ಅಲ್ಲ. ನಾನು ಅಲ್ಲೇ ಮಂಡಿಯೂರಿದೆ. ಅವಳ ಬೆರಳು, ಅಳಿಲು, ನನ್ನ ಮುಖ, ಮತ್ತೆ ಅವಳ ಬೆರಳು. ಜಗತ್ತಿನಲ್ಲಿ ನಾವಿಬ್ಬರೇ. ಆಯಾ ಒಂದು ಮಗುವನ್ನು ಬಾಥ್‌ರೂಮಿಗೆ ಕರೆದುಕೊಂಡು ಹೋಗಿದ್ದಳು. ನಾನು ತಿರುಗಿ ನೋಡುವ ಹೊತ್ತಿಗೆ ಇನ್ನೊಂದು ಮಗು ಸಾಲಾಗಿಟ್ಟ ಶೂಗಳನ್ನೆಲ್ಲ ಒಂದೊಂದಾಗಿ, ಬಹಳ ಶಿಸ್ತಿನಿಂದ, ನೆಲ ಒರೆಸುವ ಬಕೆಟ್ಟಿಗೆ ಮುಳುಗಿಸಿ ಮುಗಿಸಿತ್ತು. ಆ ಚಳಿಯಲ್ಲಿ ಮಕ್ಕಳೆಲ್ಲ ಕಾಲುಚೀಲದಲ್ಲೇ ವ್ಯಾನು ಹತ್ತಿದರು.

ದೀದಿ ಬೈಯಲಿಲ್ಲ. ಮಕ್ಕಳು ಹೋದ ಮೇಲೆ ಒದ್ದೆ ಶೂಗಳನ್ನು ಇಬ್ಬರೂ ಬಿಸಿಲಿಗೆ ಹರವುತ್ತಿದ್ದಾಗ ಕೇಳಿದರು. "ಒಂದು ಮಾತು ಹೇಳು. ಕ್ಲಾಸು ಯಾಕೆ ಬೇಕು ನಿನಗೆ?"

"ಇಲ್ಲಿ ಎಲ್ಲರೂ ಇರ್ತೀರಿ, ದೀದಿ" ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಹೇಳಿದ ಮೇಲೆ ನಾಚಿಕೆಯಾಯಿತು.

ದೀದಿ ಒಂದು ಪುಟ್ಟ ಶೂವಿನ ನೀರು ಬಸಿದರು. "ಅಚ್ಛಾ. ಊಟದ ಹೊತ್ತಿಗೆ ಇರ್ತೀವಿ, ನಿಜ. ಉಳಿದ ಹೊತ್ತು ಎಂಟು ಮಕ್ಕಳು ಇರ್ತವೆ. ಒಂದು ಮಗು ನಿನ್ನ ಕಡೆ ನೋಡಿತು ಅಂದ್ರೆ ಉಳಿದ ಏಳು ನಿನಗೆ ಕಾಣೋದಿಲ್ಲ. ಇವತ್ತಿನದು ಬಿಡು, ನಾನು ಬಹಳ ದಿನದಿಂದ ನೋಡಿದೀನಿ. ಎರಡು ವರ್ಷದಲ್ಲಿ ಕಲೀತೀಯ, ಕಲಿಯಲ್ಲ ಅನ್ನಲ್ಲ. ಆದ್ರೆ ಕಲಿಯೋಕೆ ಇವತ್ತು ಆ ಹುಡುಗಿಗೆ ಕೊಟ್ಟ ಕಣ್ಣನ್ನ ಬಿಡಬೇಕಾಗುತ್ತೆ. ಯೋಚನೆ ಮಾಡು. ಜಾಗ ನಿನಗೇ ಇಟ್ಟಿದೀನಿ."

ಲೋಧಿ ಕಾಲೋನಿಯ ಮನೆಗೆ ಸಂಜೆ ಬಂದುಹೋಗುವುದನ್ನಾದರೂ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಆಗದು, ಶಾಲೆ ಮುಗಿದ ಮೇಲೆ ಬಿ.ಎಡ್. ತರಗತಿಗಳಿರುತ್ತವೆ ಎಂದರು. ಎರಡು ದೋಣಿಯ ಮೇಲೆ ಕಾಲಿಡುವ ದಾರಿಯೂ ಮುಚ್ಚಿತು.

ಆ ಭಾನುವಾರ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಾ ಯೋಚಿಸಿದೆ. ಕೇಳಲು ಯಾರೂ ಇರಲಿಲ್ಲ. ಅಮ್ಮನನ್ನು ಕೇಳಿದರೆ "ಎರಡೂ ಬಿಟ್ಟು ಊರಿಗೆ ಬಾ" ಎನ್ನುತ್ತಾಳೆ. ಶಾಲೆಗೆ ಹೋದರೆ ನನಗೆ ಜನ ಸಿಗುತ್ತಾರೆ. ಪುಟ್ಟಿಯ ಮನೆಯಲ್ಲಿ ಫ್ರಿಜ್ಜಿನ ಮೇಲಿನ ಹಾಳೆ ಹಾಗೇ ಉಳಿಯುತ್ತದೆ, ಅಜ್ಜಿ ಬಾಲ್ಕನಿಯಲ್ಲೇ ಇರುತ್ತಾರೆ. ಉಳಿದರೆ ವಾರದಲ್ಲಿ ಎರಡು ದಿನದ ಆ ಚಾಪೆಯೂ ಹೋಗುತ್ತದೆ. ನನಗೆ ಬರುವ ಕೆಲಸ ಯಾವುದೆಂದು ಒದ್ದೆ ಶೂಗಳ ದಿನವೇ ಗೊತ್ತಾಗಿತ್ತು. ಒಪ್ಪಿಕೊಳ್ಳಲು ದುಃಖವಾಗುತ್ತಿತ್ತು, ಅಷ್ಟೇ. ಒದ್ದೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತೆ. ಮರುದಿನ ದೀದಿಗೆ ಆಗುವುದಿಲ್ಲವೆಂದು ಹೇಳಿ, ಡೈರೆಕ್ಟರ್ ಮೇಡಂಗೆ ವರ್ಷದ ಮಾತು ಕೊಟ್ಟೆ.

ಲೋಧಿ ಕಾಲೋನಿಯಲ್ಲಿ ಹೊಸ ತೊಡಕು ಕಾದಿತ್ತು. ಮನೆಯಲ್ಲಿ ಇನ್ನು ಮೇಲೆ ಕನ್ನಡವನ್ನೇ ಆಡಿ ಎಂದು ನಾನು ಕನ್ನಡದಲ್ಲೇ ಹೇಳಿದಾಗ ಸೆಕ್ಷನ್ ಆಫೀಸರ್ ಹುಬ್ಬುಗಂಟಿಕ್ಕಿದರು. "ಎರಡು ವರ್ಷ ಕಷ್ಟಪಟ್ಟು ಪಾಲಿಸಿದೀವಿ ಮೇಡಂ. ಈಗ ಬಾಯಿಮಾತಲ್ಲಿ ಬೇಡ ಅಂದ್ರೆ ಹೇಗೆ? ಬರೆದು ಕೊಡಿ. ಹಳೇ ಆರ್ಡರ್ ರದ್ದು ಮಾಡೋಕೆ ಹೊಸ ಆರ್ಡರ್ ಬೇಕಲ್ವಾ?"

"ಏನ್ರೀ ಇದು, ಮನೆ ಅಂದ್ಕೊಂಡ್ರಾ ಆಫೀಸ್ ಅಂದ್ಕೊಂಡ್ರಾ" ಎಂದು ಹೆಂಡತಿ ಕನ್ನಡದಲ್ಲಿ ರೇಗಿ, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಸೆಂಟರಿನ ಹಾಳೆಯಲ್ಲಿ, ಮೇಡಂ ಸಹಿಯೊಡನೆ, ಹೊಸ ಸೂಚನೆ ತಂದುಕೊಟ್ಟೆ. ಅವರು ಎರಡು ಸಲ ಓದಿ ಹಳೆಯದರ ಮೇಲೆಯೇ ಅಂಟಿಸಿದರು. ಎಲ್ಲರೂ ಅಡುಗೆಮನೆಯಲ್ಲಿ ನಿಂತಿದ್ದೆವು. ಅಜ್ಜಿ ಮಗನ ಮುಖ ನೋಡಿದರು. "ಅಬ್ ಬೋಲ್ ಸಕ್ತೇ ಹೈಂ?" ಎಂದರು. ಈಗ ಮಾತಾಡಬಹುದಾ ಎಂದು, ಹಿಂದಿಯಲ್ಲಿ. ಎರಡು ವರ್ಷದಲ್ಲಿ ಅವರು ಕಲಿತ ಹಿಂದಿಯಲ್ಲಿ ಅಷ್ಟು ಸರಿಯಾದ ವಾಕ್ಯವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಗ ಮುಖ ತಿರುಗಿಸಿಕೊಂಡು ಹಾಲಿಗೆ ಹೋಗಿಬಿಟ್ಟರು.

ಕನ್ನಡ ಬಂದೊಡನೆ ಎಲ್ಲ ಸರಿಹೋಯಿತೆಂದು ಯಾರಾದರೂ ಅಂದುಕೊಂಡರೆ ಅವರಿಗೆ ನಮ್ಮ ಕಸುಬು ಗೊತ್ತಿಲ್ಲ. ಅಜ್ಜಿಯ ಎರಡು ವರ್ಷದ ಮಾತು ಕಟ್ಟೆಯೊಡೆದು ಬಂತು. "ಇದೇನು ಹೇಳು? ಇದು ಬೆಕ್ಕು. ಬೆಕ್ಕು ಅನ್ನು. ಅನ್ನೇ ನನ್ನ ಬಂಗಾರ. ಇದೇನು? ಇದ್ಯಾವ ಬಣ್ಣ? ಅಜ್ಜಿ ಅನ್ನು, ಅಜ್ಜೀ..." ಪುಟ್ಟಿ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿದಳು. ಒಂದು ವಾರ ದಿನವೂ ಚೀರಿದಳು. "ಮೇಡಂ, ಮೊದಲೇ ವಾಸಿಯಿತ್ತು" ಎಂದರು ಪುಟ್ಟಿಯ ಅಮ್ಮ. ಸೆಕ್ಷನ್ ಆಫೀಸರ್ ಫ್ರಿಜ್ಜಿನ ಕಡೆ ನೋಡುವ ರೀತಿಯೇ ಬದಲಾಯಿತು.

"ಅಜ್ಜಿ, ಕೇಳಬೇಡಿ, ಹೇಳಿ" ಎಂದೆ. "ಅವಳು ಏನು ಮಾಡ್ತಿದಾಳೋ ಅದನ್ನ ಹೇಳಿ. ಒಂದು ಮಾತಾಡಿ, ಸುಮ್ನಿರಿ."

"ಒಂದು ಮಾತಾಡಿ ಸುಮ್ನಿರೋದಾ? ನಮ್ಮ ವಂಶದಲ್ಲೇ ಯಾರಿಗೂ ಬಂದಿಲ್ಲ ಕಣಮ್ಮ ಅದು."

ಕೊನೆಗೆ ಒಂದು ಉಪಾಯ ಮಾಡಿದೆ. ಅಜ್ಜಿಯ ಪಕ್ಕ ನೆಲದ ಮೇಲೆ ಕೂತು ಅವರ ಮಂಡಿಯ ಮೇಲೆ ಕೈಯಿಡುತ್ತಿದ್ದೆ. ಅವರು ಒಂದು ಮಾತು ಆಡಿದೊಡನೆ ಮಂಡಿ ಅದುಮುತ್ತಿದ್ದೆ. ಬಿಟ್ಟರೆ ಮುಂದಿನ ಮಾತು. "ಮುಚ್ಚಳ ತಿರುಗ್ತು." ಅದುಮು. "ಬಿತ್ತು ಧೊಪ್ಪಂತ." ಅದುಮು. ಅಜ್ಜಿಗೆ ಬಿಗಿಹಿಡಿದ ಮಾತಿನಿಂದ ಮೈಯೆಲ್ಲ ನಡುಗುತ್ತಿತ್ತು. ಸೊಸೆ ಬಾಗಿಲಲ್ಲಿ ನಿಂತು ಮುಸಿಮುಸಿ ನಗುತ್ತಿದ್ದರು. ಹೋಳಿ ಕಳೆಯುವಷ್ಟರಲ್ಲಿ ಪುಟ್ಟಿ ಮಂಚದ ಕೆಳಗಿಂದ ಹೊರಬಂದಳು. ಇನ್ನೂ ಸ್ವಲ್ಪ ದಿನಕ್ಕೆ, ಅಜ್ಜಿ ಮಾತು ನಿಲ್ಲಿಸಿದೊಡನೆ ತಲೆಯೆತ್ತಿ ಅವರ ಬಾಯಿಯನ್ನು ನೋಡತೊಡಗಿದಳು. ಏಪ್ರಿಲ್‌ನಲ್ಲಿ ಒಂದು ಸಂಜೆ ಚಕ್ಕುಲಿಯ ಡಬ್ಬಿಯನ್ನು ತಾನಾಗಿಯೇ ಎತ್ತಿ ತಂದು ಅಜ್ಜಿಯ ಮಡಿಲಿಗೆ ಹಾಕಿದಳು. ಅಜ್ಜಿ "ತೆಗೀ" ಎಂದು ಹೇಳಿ, ತೆಗೆದು ಕೊಟ್ಟು, ನಾನು ಅದುಮದೆಯೇ ಸುಮ್ಮನಾದರು.

ಅಷ್ಟು ಹೊತ್ತಿಗೆ ಶಾಲೆಯ ಜಾಗಕ್ಕೆ ಬೇರೆ ಟೀಚರ್ ಬಂದಿದ್ದರು. ನಾನು ಆರೂ ದಿನ ಹೌಜ್ ಖಾಸ್‌ನ ಕೋಣೆಯಲ್ಲಿ ಗೋಡೆ ನೋಡುತ್ತಾ ಉಣ್ಣುತ್ತಿದ್ದೆ. ಹಾಗಾಗಿ ಲೋಧಿ ಕಾಲೋನಿಯ ಬುಧವಾರ, ಶುಕ್ರವಾರಗಳಿಗೆ ಜೋತುಬಿದ್ದೆ. ಸೆಷನ್ ಮುಗಿದ ಮೇಲೂ ಏಳುತ್ತಿರಲಿಲ್ಲ. ಇನ್ನೊಂದು ಲೋಟ ಕಾಫಿ, ಕರೀ ಹಸುವಿನ ಹೊಸ ಸುದ್ದಿ, ಸಾರಿನ ಪುಡಿಗೆ ಕೊಬ್ಬರಿ ಹುರಿಯಬೇಕೋ ಬೇಡವೋ ಎಂಬ ವಾದ. ಒಂದು ದಿನ ಹೀಗೇ ಹರಟುತ್ತಿದ್ದಾಗ ಪುಟ್ಟಿಯ ಅಮ್ಮ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಾ ನಕ್ಕರು. "ಏನ್ ಮೇಡಂ, ಥೆರಪಿ ಪುಟ್ಟಿಗೋ ನಿಮಗೋ?"

ತಮಾಷೆಗೇ ಅಂದಿದ್ದು. ನಾನೂ ನಕ್ಕೆ. ಆದರೆ ಮೆಟ್ರೋದಲ್ಲಿ ಪೂರ್ತಿ ದಾರಿ ಅದೇ ಮಾತು ಚುಚ್ಚುತ್ತಿತ್ತು. ಆ ಮನೆಯ ಮಾತನ್ನು ನಾನು ಮಗುವಿಗಾಗಿ ಸೆರೆಯಿಂದ ಬಿಡಿಸಿದ್ದೆ, ಅದರಲ್ಲಿ ನನ್ನ ಪಾಲು ಕೇಳುತ್ತಾ ಕೂತಿದ್ದೆ.

ಮೇ ತಿಂಗಳ ಒಂದು ಬುಧವಾರ, ಸಂಜೆಯಾದರೂ ಇಳಿಯದ ಸುಡುಬಿಸಿಲಿನಲ್ಲಿ ಹೋದೆ. ಅಜ್ಜಿ ಬಾಗಿಲು ತೆರೆದರು. ಅಂದು ರಜೆಯಿತ್ತು, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದರು. ಪುಟ್ಟಿ ಕೂಲರಿನ ಎದುರು ಅಂಗಾತ ಮಲಗಿ ಗಾಳಿಗೆ ಕೂದಲು ಹಾರಿಸಿಕೊಳ್ಳುತ್ತಿದ್ದಳು. ಎಂದಿನಂತೆ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ಚೀಲದಿಂದ ಗುಳ್ಳೆಯ ಸೀಸೆ ತೆಗೆದು ಅವಳ ಹತ್ತಿರ ಇಟ್ಟೆ. ಅವಳು ಎದ್ದು ಕೂತಳು. ಸೀಸೆಯನ್ನು ನೋಡಿದಳು. ನನ್ನ ಮುಖವನ್ನು ನೋಡಿದಳು. ಕೈಯ ಹಿಂಭಾಗದಿಂದ ಸೀಸೆಯನ್ನು ನನ್ನ ಕಡೆಗೆ ದೂಡಿ, ಅಜ್ಜಿಯದೇ ರಾಗದಲ್ಲಿ, ಸ್ಪಷ್ಟವಾಗಿ ಹೇಳಿದಳು. "ಬ್ಯಾಡ."

ಅಜ್ಜಿ ಬಾಯಿ ತೆರೆದರು, ನಾನು ಮಂಡಿ ಅದುಮಿದೆ. ಪುಟ್ಟಿಯ ಅಮ್ಮ ಅಡುಗೆಮನೆ ಬಾಗಿಲಲ್ಲೇ ನೆಲಕ್ಕೆ ಕುಸಿದು ಕೂತರು. ಐದು ವರ್ಷ ಅವರು ಕಾದಿದ್ದ ಮಾತು ಬೇರೆ. ಆದರೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

ನಮ್ಮ ಕಸುಬಿನಲ್ಲಿ ಇದಕ್ಕೊಂದು ನಿಯಮವಿದೆ. ಮಗು ಮೊದಲ ಸಲ ಬೇಡ ಎಂದರೆ ವಾದವಿಲ್ಲ, ಮುದ್ದಿಲ್ಲ, ಇನ್ನೊಮ್ಮೆ ಹೇಳು ಎನ್ನುವುದಂತೂ ಇಲ್ಲವೇ ಇಲ್ಲ. ಬೇಡ ಎಂದದ್ದು ಅವಳ ಕಣ್ಣೆದುರೇ ಆ ಕ್ಷಣವೇ ಹೋಗಬೇಕು. ತನ್ನ ಮಾತಿಗೆ ಜಗತ್ತು ಕದಲುತ್ತದೆ ಎಂದು ಅವಳಿಗೆ ಕಾಣಬೇಕು. ಸೀಸೆಯನ್ನು ಚೀಲಕ್ಕೆ ಹಾಕಿದೆ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು, ಕೈ ಇನ್ನೂ ನನ್ನತ್ತ ಚಾಚಿತ್ತು. ಅವಳಿಗೆ ಬೇಡವಾಗಿದ್ದುದು ಸೀಸೆ ಮಾತ್ರವಲ್ಲ.

"ಬೇಡ. ಸರಿ, ಹೋಗ್ತೀನಿ" ಎಂದು ಎದ್ದೆ.

"ಅಯ್ಯೋ, ಈಗ ತಾನೇ ಬಂದ್ಯಲ್ಲಮ್ಮ, ಬಿಸಿಲಲ್ಲಿ! ಕಾಫಿಗಾದ್ರೂ..." ಅಜ್ಜಿ ನನ್ನ ಸೆರಗು ಹಿಡಿಯುವವರಂತೆ ಕೈ ಮುಂದೆ ಮಾಡಿದರು.

"ಬೇಡ ಅಜ್ಜಿ. ಈಗ ನಾನು ಕೂತ್ರೆ ಅವಳ ಮಾತಿಗೆ ಬೆಲೆ ಇರಲ್ಲ."

ಸೆಕ್ಷನ್ ಆಫೀಸರ್ ಎರಡೂ ಕೈ ಜೋಡಿಸಿದರು. ನಾನು ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದೆ. ಪುಟ್ಟಿ ಹಿಂದೆಯೇ ಬಂದು ಎರಡೂ ಕೈಯಿಂದ ಬಾಗಿಲು ದೂಡಿ ಮುಚ್ಚಿದಳು. ಒಳಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದ್ದು ಮೆಟ್ಟಿಲವರೆಗೂ ಕೇಳಿಸಿತು, ಅಷ್ಟೂ ಕನ್ನಡದಲ್ಲಿ.

ಕೆಳಗೆ ರಸ್ತೆಯಲ್ಲಿ ಎದುರು ಕಟ್ಟಡದ ಗೋಡೆಯ ಮೇಲೆ ಬರೆದಿದ್ದ ದೊಡ್ಡ ಚಿತ್ರದ ಮುಂದೆ ಯಾರೋ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೇವಿನ ಮರದ ನೆರಳಿಗೆ ನಿಂತೆ. ಇಷ್ಟು ಸಂತೋಷ ನನಗೆ ಈ ಊರಿನಲ್ಲಿ ಆಗಿರಲಿಲ್ಲ, ಯಾರಿಗಾದರೂ ಹೇಳದಿದ್ದರೆ ಸಾಯುತ್ತೇನೆ ಅನಿಸಿತು. ಡೈರೆಕ್ಟರ್ ಮೇಡಂ ಸೆಷನ್ನಿನಲ್ಲಿದ್ದರು, ಫೋನೆತ್ತಲಿಲ್ಲ. ಅಮ್ಮನಿಗೆ ಮಾಡಿದೆ.

"ಅಮ್ಮಾ, ಆ ಮಗು ಇವತ್ತು ಮಾತಾಡ್ತು."

"ಹೌದಾ! ಏನಂತು?"

"ನನ್ನ ನೋಡಿ ಬೇಡ ಅಂತು. ಕಳಿಸಿಬಿಡ್ತು."

"ಅಷ್ಟು ದೂರ ಬಿಸಿಲಲ್ಲಿ ಹೋಗಿದ್ದಕ್ಕೆ ಹಿಂಗಂತಾ? ಬೇಜಾರು ಮಾಡ್ಕೋಬೇಡ ಮಗಳೇ. ಮತ್ತೆ ಹೋಗ್ಬೇಕಾ ಅವರ ಮನೆಗೆ?"

"ಶುಕ್ರವಾರ ಹೋಗ್ತೀನಿ."

"ಮತ್ತೆ ಬೇಡ ಅಂದ್ರೆ?"

"ಮತ್ತೆ ವಾಪಸ್ ಬರ್ತೀನಿ ಅಮ್ಮ. ಅಂದಷ್ಟು ಸಲ ಬರ್ತೀನಿ."